ಬಾಯಿ ತೆರೆಸುವ ಆಯಾ
ನಮ್ಮ ಆಸ್ಪತ್ರೆಯ ಮೂರನೇ ವಾರ್ಡಿನ ಆಯಾ ಯಾರನ್ನು ಕಂಡರೂ ಮೊದಲು ನೋಡುವುದು ಅವರ ಬಾಯನ್ನು. ಪ್ರಜ್ಞೆಯಿಲ್ಲದೆ ಮಲಗಿದವರ ಬಾಯನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸುವುದು ಅವಳ ಕೆಲಸ. ದಿನಕ್ಕೆರಡು ಸಲ ಸಾಕೆಂದರೂ ಅವಳು ನಾಲ್ಕು ಸಲ ಒರೆಸುತ್ತಾಳೆ. "ಬಾಯಲ್ಲಿ ಕೊಳೆತದ್ದು ಎದೆಗಿಳಿಯುತ್ತೆ ಕಣಪ್ಪಾ" ಎಂದು, ಕೇಳಿಸದ ರೋಗಿಗೂ ತಿಳಿಹೇಳುತ್ತಾಳೆ. ನೋಡಲು ಬಂದ ನೆಂಟರನ್ನೂ ಬಿಡುವವಳಲ್ಲ. "ಎಲ್ಲಿ, ಆ ಅನ್ನಿ" ಎಂದು ಕಿಟಕಿಯ ಬೆಳಕಿಗೆ ತಿರುಗಿಸುತ್ತಾಳೆ. ಒಸಡು ಊದಿದ್ದರೆ, "ಮೊದಲು ಶುಗರ್ ಟೆಸ್ಟ್ ಮಾಡಿಸ್ಕೊಳ್ಳಿ, ಆಮೇಲೆ ಇವರಿಗಾಗಿ ಅಳೋರಂತೆ" ಎನ್ನುತ್ತಾಳೆ. ದೊಡ್ಡ ಡಾಕ್ಟರಂತೂ ಅವಳೆದುರು ಆಕಳಿಸುವುದನ್ನೇ ಬಿಟ್ಟಿದ್ದಾರೆ. ಕಳೆದ ವಾರ ರೋಗಿಯೊಬ್ಬರ ಸೊಸೆಯ ಬಾಯಿ ನೋಡಿ ಡಾಕ್ಟರಿಗೆ ತೋರಿಸಲು ಹೇಳಿದಾಗ ಅವಳು, "ಬರೀ ಒಸಡಲ್ಲಿ ರಕ್ತ ತಾನೇ, ಅದಕ್ಕೂ ಡಾಕ್ಟರಾ?" ಎಂದು ನಕ್ಕಳು. ಆಯಾ ನಗಲಿಲ್ಲ. "ನಾನೂ ನಮ್ಮೆಜಮಾನ್ರಿಗೆ ಹಾಗೇ ಅಂದಿದ್ದೆ ಕಣಮ್ಮಾ" ಎಂದಳು. ಅವಳ ಗಂಡನಿಗೆ ಒಸಡಿನ ಸೋಂಕು ರಕ್ತಕ್ಕೆ ಸೇರಿ, ಹೃದಯದ ಕವಾಟಕ್ಕೆ ಹತ್ತಿ, ಎರಡು ತಿಂಗಳು ಜ್ವರ ಬಿಡಲೇ ಇಲ್ಲ. ಕೊನೆಗೆ ಅವನು ಇದೇ ವಾರ್ಡಿನಲ್ಲಿ ತೀರಿಕೊಂಡ. "ಬಾಯಿ ವಾಸನೆ ಬರುತ್ತೆ, ಆ ಕಡೆ ತಿರುಗಿ ಮಲಗಿ ಅಂತ ವರ್ಷಗಟ್ಟಲೆ ಬೈದೆ. ಒಂದಿನಾನೂ ಬಾಯಿ ತೆರೆಸಿ ನೋಡಲಿಲ್ಲ. ಸಾಯೋ ದಿನ ಬೆಳಿಗ್ಗೆ ಕೂಡ ನನ್ನನ್ನ ಹತ್ತಿರ ಕರೆದು, ಮುಖ ಗೋಡೆ ಕಡೆ ತಿರುಗಿಸ್ಕೊಂಡೇ ಮಾತಾಡಿದ್ರು."