ವೈನಿಯ ಮಲ್ಲಿಗೆ ಮತ್ತು ಸೋಡಾ ನೀರು

ಬಿಸಿಲಿಗೆ ಕಾದ ಕರಿಮಣ್ಣಿನ ಮೇಲೆ ಸೀಗೆಕಾಯಿ ನೀರು ಹರಿದರೆ ಒಂದು ವಾಸನೆ ಏಳುತ್ತದೆ. ಅದು ಎಲ್ಲೇ ಮೂಗಿಗೆ ಬಡಿದರೂ ನಾನು ಅಂದೋಲಾದ ನಮ್ಮ ಮನೆಯ ಹಿತ್ತಲಲ್ಲಿ ನಿಂತಿರುತ್ತೇನೆ. ಆ ಹಿತ್ತಲಲ್ಲಿ ಬಚ್ಚಲ ನೀರು ಸುಮ್ಮನೆ ಹರಿದುಹೋದದ್ದನ್ನು ನಾನು ಕಂಡಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಅದಕ್ಕೆ ಎರಡು ಕಾಲುವೆ ತೆಗೆದಿದ್ದಳು. ಮೈ ತೊಳೆದ ನೀರು, ಅಕ್ಕಿ ತೊಳೆದ ನೀರು ಒಂದರಲ್ಲಿ ಗಿಡಗಳಿಗೆ. ಬಟ್ಟೆ ಕುದಿಸಿದ ಸೋಡಾ ನೀರು ಬಿದ್ದರೆ ಗಿಡ ಸುಟ್ಟುಹೋಗುತ್ತದೆಂದು, ಅದು ಇನ್ನೊಂದರಲ್ಲಿ ಗೋಡೆಯಾಚೆಗೆ. ನಡುವೆ ಒಂದು ಮುದ್ದೆ ಹಸಿಮಣ್ಣು. ಅದನ್ನು ಅತ್ತಿತ್ತ ಸರಿಸಿದರೆ ನೀರು ದಾರಿ ಬದಲಿಸುತ್ತಿತ್ತು. ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗ ಆಯಿ ನಮ್ಮನ್ನು ಬಾಳೆಯ ಬುಡದಲ್ಲೇ ಕೂರಿಸಿ ನೀರೆರೆಯುತ್ತಿದ್ದಳು. ಗೋಡೆಯಾಚೆ ಯಾರಾದರೂ ನಕ್ಕರೆ ನಾಚಿಕೆಯಿಂದ ಸಾಯುವಂತಾಗುತ್ತಿತ್ತು.

ವೈನಿ, ನನ್ನ ಅಣ್ಣನ ಹೆಂಡತಿ, ಮದುವೆಯಾಗಿ ಬಂದ ವರ್ಷ ತವರು ಕೊಳಕೂರಿನಿಂದ ಮಲ್ಲಿಗೆಯ ಒಂದು ಕಡ್ಡಿ ತಂದು ಗಿಡಗಳ ಕಡೆಯ ಕಾಲುವೆಯ ದಂಡೆಗೆ ಹಚ್ಚಿದಳು. ಹೊಸ ಮನೆಯಲ್ಲಿ ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ. ಎರಡನೇ ಬೇಸಿಗೆಗೆ ಮೊಗ್ಗು ಬಿಟ್ಟಿತು. ಒಂದು ದಿನ ಬಟ್ಟೆ ಕುದಿಯುವ ಹಂಡೆಯ ಮುಂದೆ ಕುಳಿತು ವೈನಿ, "ಹೋಗಿ ಮಣ್ಣು ಸರಿಸಿ ಬಾ ಬೇ" ಅಂದಳು. ಓಣಿಯಲ್ಲಿ ಕುಂಟಾಟಕ್ಕೆ ಗೆಳತಿಯರು ಕರೆಯುತ್ತಿದ್ದರು. "ಸರ್ಸೀನ್ರಿ ವೈನಿ" ಎಂದು ಹೊಸ್ತಿಲಿನಿಂದಲೇ ಸುಳ್ಳು ಕೂಗಿ ಓಡಿದೆ. ಹಬೆಯಾಡುವ ಸೋಡಾ ನೀರೆಲ್ಲ ಮಲ್ಲಿಗೆಯ ಬುಡಕ್ಕೆ ಹೋಯಿತು.

ನಾಲ್ಕೇ ದಿನಕ್ಕೆ ಗಿಡ ಮೊಗ್ಗುಸಹಿತ ಒಣಗಿತು. ಆಯಿ ಕಾರಣ ಹುಡುಕಲಿಲ್ಲ. "ಎಂಥಾ ಕೈಗುಣ ಬೇ ನಿಂದು! ತವರುಮನಿ ಗಿಡಾನೂ ಉಳೀಲಿಲ್ಲ. ಇನ್ನ ಹಿತ್ತಲದಾಗಿಂದು ಏನೂ ಮುಟ್ಟಬ್ಯಾಡ" ಅಂದಳು. ವೈನಿ ನನ್ನತ್ತ ತಿರುಗಿ, "ಅವತ್ತ ನೀ ಮಣ್ಣು ಸರಿಸಿದ್ದಿ, ಹೌದಲ್ಲ?" ಎಂದು ಕೇಳಿದಳು. "ಹೌದ್ರಿ" ಅಂದೆ. ಅವಳು ನಂಬಿಬಿಟ್ಟಳು. ಒಂದಿಷ್ಟು ಅನುಮಾನ ಪಟ್ಟಿದ್ದರೂ ಇವತ್ತು ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನನ್ನನ್ನು ನಂಬಿದ ಹಾಗೆಯೇ ಆಯಿಯ ಮಾತನ್ನೂ ನಂಬಿದಳು. ಬಿತ್ತುವ ದಿನ ಹೊಲದಲ್ಲಿ ಬೀಜದ ಬುಟ್ಟಿ ಸಹ ಮುಟ್ಟುತ್ತಿರಲಿಲ್ಲ. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಮೊದಮೊದಲು ಆಯಿಯ ಭಯ. ಆಯಿ ತೀರಿದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ ಎಂಬ ನಾಚಿಕೆ. ನನ್ನಷ್ಟು ಹೇಡಿ ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಅಂದೋಲಾದ ಮನೆ ಬಿದ್ದುಹೋಯಿತು. ಅಣ್ಣ ಜೇವರ್ಗಿಯಲ್ಲಿ ಮನೆ ಕಟ್ಟಿದ. ವೈನಿ ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ ನಾನು ಅಲ್ಲಿಗೆ ಹೋಗಿದ್ದೆ. ಬಚ್ಚಲ ನೀರು ಬೀಳುವ ಕಡೆ ಗುಣಿ ತೋಡಿಸಿ, ಮಲ್ಲಿಗೆ ಸಸಿ ತರಿಸಿಟ್ಟುಕೊಂಡು, ನಾನು ಬರಲೆಂದೇ ಕಾದಿದ್ದಳು.

"ನೀನೇ ಹಚ್ಚವ್ವಾ. ನನ್ನ ಕೈಯಾಗ ಏನೂ ಬದುಕಂಗಿಲ್ಲ. ನಿನ್ನ ಕೈಗುಣ ಛಲೋ ಅದ" ಅಂದಳು.

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಕುಳಿತು ಸಸಿ ಹಚ್ಚಿದೆ. ವೈನಿ ತನ್ನ ನೆರಳೂ ಅದರ ಮೇಲೆ ಬೀಳದಂತೆ ದೂರ ಸರಿದು ನಿಂತಳು.