ಟಾವೆಲ್ ಪಟ್ಟಿಯ ಹಿಂದಿನ ಸಹಿ

ಹೊಸ ಟಾವೆಲ್ಲಿಗೆ ಒಂದು ವಾಸನೆಯಿರುತ್ತದೆ. ಗಂಜಿಯದು, ಬಣ್ಣದ್ದು, ಮಗ್ಗದ ಎಣ್ಣೆಯದೂ ಇರಬೇಕು. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದ ನಮಗೆ ಅದು ಮೂಗಿಗೆ ತಾಗುವುದೇ ಇಲ್ಲ, ಊರಿನ ಗಾಳಿಯೇ ಅದು. ಆದರೆ ಕಳೆದ ವಾರ ತಾಗಿತು. ನೆಂಟರು ಬರುತ್ತಾರೆಂದು ಒಂದು ಡಜನ್ ಟಾವೆಲ್ ತರಿಸಿ, ಒಂದೊಂದಕ್ಕೂ ಸುತ್ತಿದ್ದ ಕಾಗದದ ಪಟ್ಟಿ ಬಿಚ್ಚುತ್ತಾ ಕೂತಿದ್ದೆ. ಪಟ್ಟಿಯ ಮುಂದೆ ನವಿಲಿನ ಚಿತ್ರ, ಹಿಂದೆ ಖಾಲಿ ಬಿಳಿ. ಆ ಬಿಳಿಯನ್ನು ಕಂಡದ್ದೇ ಕೈ ನಿಂತಿತು. ಏನಾದರೂ ಬರೆದಿದೆಯೇ ಎಂದು ಹನ್ನೆರಡನ್ನೂ ತಿರುಗಿಸಿ ನೋಡಿದೆ. ಹುಚ್ಚು ನನ್ನದು... ಬರೆಯುವವರೇ ಇಲ್ಲ.

ಬರೆಯುತ್ತಿದ್ದವರು ನನ್ನ ತವರಿನ ಪಕ್ಕದ ಮನೆಯ ವೈನಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತೇವೆ; ಪಕ್ಕದ ಮನೆಯವನೂ ಅಣ್ಣನೇ ಅಲ್ಲವೇ, ಹಾಗಾಗಿ ಓಣಿಗೆಲ್ಲ ಅವರು ವೈನಿ. ಅವರ ಮದುವೆಯಾದಾಗ ನನಗೆ ಹತ್ತು ವರ್ಷ. ಕುರನೂರಿನಿಂದ ಬಂದ ಮದುಮಗಳನ್ನು ನೋಡಲು ನಾವು ಹುಡುಗಿಯರು ನುಗ್ಗಿದ್ದೆವು. ಆ ಮನೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ. ಹರಿವಾಣದಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರ ಹಿಡಿದು ಗಂಡನಾದವನು ಹೆಸರು ಬರೆದ, ಎಲ್ಲರೂ ಓದಿ ಚಪ್ಪಾಳೆ ಹೊಡೆದರು, ಬಳಿಕ ಅದೇ ಅಕ್ಕಿ ಒಲೆಯ ಮೇಲೆ ಪಾಯಸವಾಯಿತು. ನಾನೂ ಎರಡು ಬಟ್ಟಲು ಹೊಡೆದೆ. ಹಳೆಯ ಹೆಸರು ಏನಿತ್ತು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಾಯಸದ ಮುಂದೆ ಹೆಸರೇನು ದೊಡ್ಡದು?

ಅವರದು ಟಾವೆಲ್ ವ್ಯಾಪಾರದ ಮನೆ. ಕೆಳಗೆ ಗೋದಾಮು, ಮೇಲೆ ವಾಸ. ಮಗ್ಗದಿಂದ ಬಂದ ಟಾವೆಲ್ಲುಗಳನ್ನು ಮಡಚಿ ಪಟ್ಟಿ ಸುತ್ತಿ ಅಂಟಿಸುವುದು ಸೊಸೆಯ ಪಾಲಿನ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ. ಗುರುವಾರ ಮಾತ್ರ ಅತ್ತೆಯ ಜೊತೆ ಬಸ್ಸಿನಲ್ಲಿ ಅಕ್ಕಲಕೋಟೆಗೆ ದರ್ಶನ. ಅಲ್ಲಿಂದ ಕುರನೂರಿಗೆ ಇನ್ನೊಂದು ಬಸ್ಸು ಹತ್ತಿದರೆ ತವರು. ಒಂಬತ್ತು ವರ್ಷ ವಾರವಾರವೂ ಅಕ್ಕಲಕೋಟೆಯವರೆಗೆ ಹೋದರು, ವಾರವಾರವೂ ಅಲ್ಲಿಂದಲೇ ತಿರುಗಿ ಬಂದರು. ಹೊಡೆಯುವ ಮನೆಯಲ್ಲ, ಬಯ್ಯುವ ಮನೆಯೂ ಅಲ್ಲ. ಉಣ್ಣಲು ಉಡಲು ಕಡಿಮೆಯಿರಲಿಲ್ಲ. ಬಾಗಿಲಿಗೆ ಚಿಲಕವೂ ಹಾಕುತ್ತಿರಲಿಲ್ಲ. ಆದರೂ ಆ ಮನೆಯಿಂದ ಒಬ್ಬರೇ ಹೊರಬಿದ್ದದ್ದನ್ನು ನಾನು ನೋಡಿಲ್ಲ.

ಅವರಿಗಿದ್ದ ಒಂದೇ ಕಿಟಕಿಯೆಂದರೆ ಸಂಜೆ ಏಳರ ಧಾರಾವಾಹಿ. ಹತ್ತಾರು ಭಾಷೆಯಲ್ಲಿ ಚಾನೆಲ್ ನಡೆಸುವ ದೊಡ್ಡ ಮನರಂಜನಾ ಕಂಪನಿಯೊಂದು ಅದನ್ನು ಮಾಡುತ್ತಿತ್ತು. ಕಥೆಯ ನಾಯಕಿ ಒಂದು ದಿನ ಅಡಿಗೆಮನೆಯ ಗ್ಯಾಸ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಮನೆಯ ಮೆಟ್ಟಿಲಿಳಿದು ಹೋಗಿದ್ದಳು. ಅತ್ತಿಲ್ಲ, ಕೂಗಾಡಿಲ್ಲ, ಸುಮ್ಮನೆ ಇಳಿದು ಹೋದಳು. ಮರುದಿನ ವೈನಿಯ ಮುಖ ನೋಡಬೇಕಿತ್ತು, ತಮ್ಮ ತಂಗಿಯೇ ಪಾಸಾದ ಹಾಗೆ ಹಿಗ್ಗಿದ್ದರು.

ಆಗಲೇ ಕಂಪನಿಯ ಮುಖ್ಯಸ್ಥೆ ಬದಲಾದರು. ಕಥೆ ಬರೆಯುತ್ತಲೇ ಮೇಲೆ ಬಂದವರಂತೆ ಆಕೆ. ಆಕೆಯನ್ನು ಇಳಿಸಿ, ಸಾಬೂನು ಮಾರುವ ಕಂಪನಿಯಿಂದ ಒಬ್ಬ ಸಾಹೇಬನನ್ನು ತಂದು ಕೂಡಿಸಿದರು. ಯಾರು ರಾಜರಾದರೂ ರಾಗಿ ಬೀಸುವುದು ತಪ್ಪೀತೇ ಅನ್ನುತ್ತಾರಲ್ಲ, ನಮಗೇನಾಗಬೇಕು ಅದರಿಂದ, ಎಂದೇ ನಾನು ತಿಳಿದಿದ್ದೆ. (ನಮ್ಮ ಕಡೆ ರಾಗಿಯಿಲ್ಲ, ಜೋಳ ಎಂದು ಓದಿಕೊಳ್ಳಿ.) ಆದರೆ ಧಾರಾವಾಹಿಯ ಅಭಿಮಾನಿಗಳು ಫೋನಿನಲ್ಲಿ ಕಟ್ಟಿಕೊಂಡಿದ್ದ ಗುಂಪಿಗೆ ಬೆಂಕಿ ಬಿದ್ದಿತ್ತು. ಹೊಸ ಸಾಹೇಬ ಬಂದವನೇ ನಾಯಕಿಯನ್ನು ಗಂಡನ ಮನೆಗೆ ವಾಪಸ್ ತರುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ಒಬ್ಬಾಕೆ ತನ್ನ ಟಿವಿಗೆ ಬಿಳಿ ಬಟ್ಟೆ ಹೊದಿಸಿ ಫೋಟೋ ಹಾಕಿದಳು. ಇನ್ನೊಬ್ಬ ಸಾಬೂನಿನ ತುಂಡಿಗೆ ಮೂಗು ಬಾಯಿ ಕೊರೆದು ಊದುಬತ್ತಿ ಹಚ್ಚಿದ. ಹಳೆಯ ಮೇಡಂ ಬರದಿದ್ದರೆ ನೋಡುವುದೇ ಇಲ್ಲ ಎಂದು ಆಣೆ ಮಾಡಿದವರು ಸಂಜೆ ಏಳಕ್ಕೆ ಸರಿಯಾಗಿ ಕೂತು ನೋಡಿ, ಏಳೂವರೆಗೆ ಮತ್ತೆ ಬಯ್ಯುತ್ತಿದ್ದರು.

ಇವೆಲ್ಲ ಬರುತ್ತಿದ್ದುದು ನನ್ನ ಫೋನಿಗೆ. ವೈನಿಗೆ ಸ್ವಂತ ಫೋನ್ ಇರಲಿಲ್ಲ. ನನಗೆ ಫೋನಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ಮನೆಯ ಮಾತು ಕನ್ನಡ, ಸಾಲೆ ಕಾಲೇಜು ಮರಾಠಿ; ನಮ್ಮ ಊರಿನಲ್ಲಿ ನನ್ನಂಥವರು ರಾಶಿ ರಾಶಿ. ವೈನಿ ಮಾತ್ರ ಕುರನೂರಿನಲ್ಲಿ ಕನ್ನಡ ಸಾಲೆಯಲ್ಲಿ ಕಲಿತವರು. ಹೀಗಾಗಿ ಮಧ್ಯಾಹ್ನ ಮಾಳಿಗೆಯ ಮೇಲೆ, ಎರಡೂ ಮನೆಗಳ ನಡುವಿನ ಮೋಟುಗೋಡೆಯ ಆಚೆ ಅವರು, ಈಚೆ ನಾನು. ಫೋನು ನನ್ನದು, ಕಣ್ಣು ಅವರದು.

ಗುಂಪಿಗೆ ತಾವೂ ಬರೆಯುತ್ತೇನೆಂದರು. ಅಚ್ಚು ತಪ್ಪಿದ ಪಟ್ಟಿಗಳನ್ನು ಒಲೆಗೆ ಹಾಕದೆ ಬಚ್ಚಿಟ್ಟುಕೊಂಡು, ಅದರ ಬೆನ್ನಿಗೆ ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದರು. ಒಂದು ಪತ್ರಕ್ಕೆ ಆರೇಳು ಪಟ್ಟಿ. ಗೋಡೆಯ ಮೇಲೆ ಸಾಲಾಗಿ ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರಿ, ಸಣ್ಣ ದನಿಯಲ್ಲಿ ನನಗೆ ಓದಿ ಹೇಳುತ್ತಿದ್ದರು. ಬಳಿಕ ನಾನು ಫೋಟೋ ತೆಗೆದು 'ಸೊಲ್ಲಾಪುರದ ಅಕ್ಕ' ಎಂಬ ಖಾತೆಯಿಂದ ಹಾಕುತ್ತಿದ್ದೆ. ಕೊನೆಯ ಪಟ್ಟಿಯ ಬುಡದಲ್ಲಿ ಒಂದು ಸಹಿ ಇರುತ್ತಿತ್ತು. ಅದನ್ನು ಅವರು ಓದಿ ಹೇಳುತ್ತಿರಲಿಲ್ಲ. ತನ್ನ ಸಹಿಯನ್ನು ಯಾರಾದರೂ ಓದಿ ಹೇಳುತ್ತಾರೆಯೇ? ನನ್ನ ಕಣ್ಣಿಗೆ ಅದು ಬರೀ ಗುಂಡಗಿನ ಸುರುಳಿ.

ಬೇರೆಯವರ ಹಾಗೆ ಅವರು ಬಯ್ಯಲಿಲ್ಲ, ಹಳೆಯ ಮೇಡಂ ವಾಪಸ್ ಬರಲಿ ಎನ್ನಲಿಲ್ಲ. ಹೊಸ ಸಾಹೇಬನಿಗೇ ಬರೆದರು. ಅವರು ಓದಿ ಹೇಳಿದ ಒಂದು ಸಾಲು ನನಗೆ ಇಂದಿಗೂ ಬಾಯಿಪಾಠ.

"ಯಜಮಾನ್ರ, ಕುರ್ಚಿ ಮ್ಯಾಲ ಯಾರರ ಕುಂಡ್ರಲಿ, ನಮಗೇನ್ ಅಡ್ಡಿಲ್ಲ. ಆಕೀನ್ನ ಮಾತ್ರ ಹೊಳ್ಳಿ ತರಬ್ಯಾಡ್ರಿ. ಹೊರಗ ಹೋದಾಕಿ ಒಬ್ಬಾಕಿಯರ ಹೊರಗ ಇರ್ಲಿ."

ಅದಕ್ಕೆ ಬಂದ ಉತ್ತರಗಳನ್ನು ಓದಿ ಮುಗಿಸಲು ನಮಗೆ ಮೂರು ಮಧ್ಯಾಹ್ನ ಬೇಕಾಯಿತು. ಆಮೇಲೆ ಗುಂಪಿನಲ್ಲಿ ಎಲ್ಲರ ಬಾಯಲ್ಲೂ ಸೊಲ್ಲಾಪುರದ ಅಕ್ಕ, ಸೊಲ್ಲಾಪುರದ ಅಕ್ಕ. ಆಣೆ ಮಾಡುವವರು ಆಣೆ ಬಿಟ್ಟು ಅವರ ಸಾಲನ್ನೇ ಬರೆದು ಕಳಿಸತೊಡಗಿದರು. ಕಂಪನಿಗೂ ಬಿಸಿ ತಾಗಿರಬೇಕು. ಹೊಸ ಸಾಹೇಬ ಕಲಬುರಗಿಗೆ ಬಂದು ಅಭಿಮಾನಿಗಳನ್ನು ಕೂಡಿಸಿಕೊಂಡು ಮಾತಾಡುತ್ತಾನೆ, ಕಥೆ ಹೇಗೆ ಸಾಗಬೇಕೆಂದು ಕೇಳುತ್ತಾನೆ, ಹೆಸರು ವಿಳಾಸ ಕಳಿಸಿದರೆ ಪಾಸು ಮನೆಗೆ ಬರುತ್ತದೆ, ಪಾಸಿಲ್ಲದವರಿಗೆ ಪ್ರವೇಶವಿಲ್ಲ ಎಂದು ಸಂದೇಶ ಬಂತು. ವೈನಿ ಅದನ್ನು ಎರಡು ಸಲ ಓದಿದರು.

ಉಪಾಯವೂ ಸಿಕ್ಕಿತು. ಸಭೆಯ ಹಿಂದಿನ ದಿನ ಕುರನೂರಿನಲ್ಲಿ ಅವರ ತಮ್ಮನ ಕೂಸಿನ ತೊಟ್ಟಿಲ ಶಾಸ್ತ್ರ. ಸೋದರತ್ತೆ ಹೋಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳದಿದ್ದರೆ ಹೇಗೆ? ಅತ್ತೆ ಎರಡು ದಿನದ ಮಟ್ಟಿಗೆ ಒಪ್ಪಿದ್ದರು. ಮರುದಿನ ಬೆಳಿಗ್ಗೆ ತಮ್ಮ ದುಧನಿ ಸ್ಟೇಷನ್ನಿಗೆ ಬಿಟ್ಟರೆ ಅಲ್ಲಿಂದ ಕಲಬುರಗಿ ರೈಲು, ಸಂಜೆಯೊಳಗೆ ತವರಿಗೆ. ಒಂಬತ್ತು ವರ್ಷದಲ್ಲಿ ಮೊದಲ ಬಾರಿ ಒಬ್ಬರೇ.

ಹೆಸರು ವಿಳಾಸವನ್ನೂ ಪಟ್ಟಿಯ ಮೇಲೆಯೇ ಬರೆದುಕೊಟ್ಟರು, ನಾನು ಫೋಟೋ ಹೊಡೆದು ಕಳಿಸಿದೆ.

"ನಿಮ್ಮ ಮನಿ ವಿಳಾಸ ಕೊಟ್ಟೀನಿ. ಇಲ್ಲಿ ಬಂದ್ರ ಅತ್ತಿ ಕೈಗೆ ಸಿಗ್ತೈತಿ. ಬಾಗಲದಾಗ ಕಣ್ಣಿಟ್ಟಿರವ್ವಾ," ಅಂದರು.

ಇಟ್ಟೆ. ನಾಲ್ಕು ದಿನ ಕಾಲೇಜು ತಪ್ಪಿಸಿ ಕಣ್ಣಿಟ್ಟೆ. ಐದನೆಯ ದಿನ ಮಧ್ಯಾಹ್ನ ಕೊರಿಯರಿನವನು ಬಂದ. ಎರಡೂ ಮನೆಯ ನಡುವೆ ಮೋಟರ್‌ಸೈಕಲ್ ನಿಲ್ಲಿಸಿ, ಇಳಿಯದೆ, ಕವರಿನ ಗಂಟಿನಿಂದ ಒಂದನ್ನೆತ್ತಿ ಒಂದು ಹೆಸರು ಕೂಗಿದ. ಹೆಣ್ಣಿನ ಹೆಸರು, ಯಾವುದೋ ಹಳ್ಳಿಕಡೆಯ ಅಡ್ಡಹೆಸರು. ನಾನು ಕೇಳಿದ ಹೆಸರಲ್ಲ. ಮೂರು ಸಲ ಕೂಗಿದ. ಪಕ್ಕದ ಕಟ್ಟೆಯಲ್ಲಿ ಜೋಳ ಹಸನು ಮಾಡುತ್ತಿದ್ದ ವೈನಿಯ ಅತ್ತೆ ತಲೆ ಎತ್ತಿ, "ನಮ್ಮ ಓಣ್ಯಾಗ ಅಂಥಾಕಿ ಯಾರಿಲ್ಲಪಾ," ಅಂದರು. ಸೊಸೆಯನ್ನು ನಿಶ್ಚಯ ಮಾಡುವಾಗ ಕೇಳಿದ್ದ ಆ ಹೆಸರನ್ನು ಅವರು ಮರೆತಿದ್ದರೋ, ಮರೆತಂತಿದ್ದರೋ... ಅದು ನನಗೆ ಇವತ್ತಿಗೂ ತಿಳಿದಿಲ್ಲ.

ಅವನು ನನ್ನ ಮುಖ ನೋಡಿದ. ವಿಳಾಸ ನಮ್ಮದೇ ಅಂದ. ನಾನು ಮರಾಠಿಯಲ್ಲಿ ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ ಹೇಳಿದೆ: "ಹ್ಯಾ ನಾವಾಚಂ ಇಥಂ ಕೋಣೀ ನಾಹೀ." ಈ ಹೆಸರಿನವರು ಇಲ್ಲಿ ಯಾರೂ ಇಲ್ಲ. ಫೋನ್ ನಂಬರ್ ಇಲ್ಲದ ಕವರುಗಳನ್ನೂ ಅವುಗಳನ್ನು ಕಳಿಸುವವರನ್ನೂ ಶಪಿಸುತ್ತಾ ಅವನು ಹೋದ. ನಾನು ಮತ್ತೆ ಬಾಗಿಲಲ್ಲಿ ಕೂತು ವೈನಿಯ ಕವರಿಗಾಗಿ ಕಾಯತೊಡಗಿದೆ.

ಒಂದು ತಾಸಿನ ಮೇಲೆ ಮಾಳಿಗೆಗೆ ಹೋದರೆ ವೈನಿ ಗೋಡೆಗೆ ಒರಗಿ ನಿಂತಿದ್ದರು. ಒಣಹಾಕಬೇಕಿದ್ದ ಬಟ್ಟೆಯೆಲ್ಲ ಬಕೆಟ್ಟಿನಲ್ಲೇ ಇತ್ತು.

"ಅದು ನನ್ನ ಹೆಸರು, ತಂಗಿ," ಅಂದರು.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮೂವತ್ತು ನಲವತ್ತು ಸಲ ನಾನೇ ಫೋಟೋ ಹೊಡೆದು ಊರಿಗೆಲ್ಲ ಹಂಚಿದ ಹೆಸರು. ತವರಿನ ಹೆಸರು, ಸಾಲೆಯ ಹೆಸರು. ಬರೆಯುವಾಗ ಕೈ ತಾನಾಗಿ ಅದನ್ನೇ ಬರೆಯುತ್ತಿತ್ತಂತೆ. ನಾನು ಓದಬಲ್ಲೆ ಎಂದೇ ಅವರು ತಿಳಿದಿದ್ದರಂತೆ, ಸಹಿಯಷ್ಟಾದರೂ.

"ನೀವರ ಮ್ಯಾಲಿಂದ ಒದರಬಾರದಿತ್ತೇನ್ರಿ ವೈನಿ?" ಎಂದು ಅವರ ಮೇಲೆಯೇ ಸಿಟ್ಟು ಮಾಡಿದೆ. ತಪ್ಪು ನನ್ನದಾದಾಗ ನನಗೆ ಮೊದಲು ಬರುವುದು ಸಿಟ್ಟೇ.

"ಕಿಡಕ್ಯಾಗ ನಿಂತಿದ್ನಿ. ಮೂರು ಸಲ ಕರದ. ಒಂಬತ್ತು ವರ್ಷ ಆತು, ಆ ಹೆಸರಿಲೆ ನನ್ನ ಯಾರೂ ಕರದಿದ್ದಿಲ್ಲ. ಕೆಳಗ ಅತ್ತಿ ಕುಂತಿದ್ರು..." ಎಂದು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. "ಯಾವ ಬಾಯಿಲೆ ಓ ಅನ್ಲಿ?"

ಬಸ್ ಸ್ಟ್ಯಾಂಡಿನ ಹಿಂದಿನ ಕೊರಿಯರ್ ಆಫೀಸಿಗೆ ಓಡಿದೆ. ಕವರು ಕಂಪನಿಯ ಮುಂಬೈ ಆಫೀಸಿಗೆ ಹೊರಟುಹೋಗಿತ್ತು. ಹೊರಡದಿದ್ದರೂ ಆ ಹೆಸರಿನ ಗುರುತಿನ ಚೀಟಿ ಬೇಕಂತೆ. ವೈನಿಯ ಗುರುತಿನ ಚೀಟಿಯಲ್ಲಿ ಅಕ್ಕಿಯಲ್ಲಿ ಬರೆದ ಹೆಸರಿತ್ತು. ಕಂಪನಿಗೆ ಸಂದೇಶ ಕಳಿಸಿದೆ. ಹೆಸರುಗಳ ಪಟ್ಟಿ ಅಂತಿಮವಾಗಿದೆ, ಧನ್ಯವಾದ ಎಂದು ಯಂತ್ರವೋ ಮನುಷ್ಯನೋ ಉತ್ತರ ಕೊಟ್ಟಿತು.

ವೈನಿ ತೊಟ್ಟಿಲಿಗೆ ಹೋದರು. ಎರಡನೆಯ ದಿನ ಸಂಜೆ ವಾಪಸ್ ಬಂದು ನನಗೊಂದು ಪೊಟ್ಟಣ ಪುಟಾಣಿ ಸಕ್ಕರೆ ಕೊಟ್ಟರು.

"ದುಧನಿ ಸ್ಟೇಷನ್ ತನಕ ಹೋಗಿದ್ನಿ," ಅಂದರು. "ಗಾಡಿ ಬಂತು. ಹೋತು."

ಹತ್ತಿದ್ದರೆ ಏನಾಗುತ್ತಿತ್ತು? ಸಾಬೂನಿನ ಸಾಹೇಬ ಒಬ್ಬ ಹೆಂಗಸಿನ ಮಾತು ಕೇಳಿ ಕಥೆ ಬದಲಿಸುತ್ತಿದ್ದನೇ? ನನಗೆ ನಂಬಿಕೆಯಿಲ್ಲ. ಸಭೆಯಲ್ಲಿ ಎಲ್ಲರೂ ಅವನ ಜೊತೆ ಫೋಟೋ ತೆಗೆಸಿಕೊಂಡರಂತೆ, ಮೂಗು ಬಾಯಿ ಕೊರೆದವನೂ ಸೇರಿ. ಮೂರು ವಾರದಲ್ಲಿ ನಾಯಕಿ ಅದೇ ಮೆಟ್ಟಿಲು ಹತ್ತಿ ಬಂದಳು, ಗ್ಯಾಸ್ ಹಚ್ಚಿದಳು. ಅವತ್ತು ನಾನು ವೈನಿಯ ಮನೆಯ ಪಡಸಾಲೆಯಲ್ಲಿಯೇ ಇದ್ದೆ. ಅವರ ಅತ್ತೆ ನೆಮ್ಮದಿಯಿಂದ ಅಡಿಕೆ ಕತ್ತರಿಸುತ್ತಾ, "ಬಂದ್ಳು ನೋಡು. ಎಲ್ಲಿಗೆ ಹೋಗ್ತಾಳ?" ಅಂದರು. ವೈನಿ ಟಾವೆಲ್ಲಿಗೆ ಪಟ್ಟಿ ಸುತ್ತುತ್ತಿದ್ದರು. ಸುತ್ತುತ್ತಲೇ ಇದ್ದರು. ಆಮೇಲೆ ಅವರು ಒಂದು ಸಾಲನ್ನೂ ಬರೆಯಲಿಲ್ಲ.

ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಯಾರಿಗೂ ಹೇಳದೆ ಒಂದನೇ ಇಯತ್ತೆಯ ಕನ್ನಡ ಪುಸ್ತಕ ತಂದು ಅ ಆ ತಿದ್ದತೊಡಗಿದೆ. ಓದಲು ಬರುವಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು, ಇದೇ ಊರು, ಎರಡು ಓಣಿ ಆಚೆ. ಮದುವೆಯ ಮರುವರ್ಷ ವೈನಿ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಹದಿಮೂರನೆಯ ದಿನದ ಕಾರ್ಡಿನಲ್ಲಿಯೂ ಅಕ್ಕಿಯ ಹೆಸರೇ. ಅವರ ಅತ್ತೆ ಅಟ್ಟ ಹಸನು ಮಾಡುವಾಗ ಸಿಕ್ಕ ಪಟ್ಟಿಗಳ ಕಟ್ಟನ್ನು ನಮ್ಮವ್ವನ ಕೈಗೆ ಕೊಟ್ಟು, "ರದ್ದಿ ಐತಿ, ನಿಮ್ಮ ಹುಡುಗಿ ಒಯ್ಯಾಕಿ," ಅಂದರಂತೆ. ಗೊತ್ತಿತ್ತೇ ಅವರಿಗೆ...? ಆ ಕಟ್ಟನ್ನು ಬಿಚ್ಚಿ ಮೊದಲ ಸಲ ನಾನು ಆ ಸಹಿ ಓದಿದೆ. ನಾಲ್ಕೇ ಅಕ್ಷರ. ಒಂದು ಒತ್ತೂ ಇಲ್ಲ. ಒಂದನೇ ಇಯತ್ತೆಯ ಮಕ್ಕಳೂ ಓದಬಲ್ಲ ಹೆಸರು.

ಕಳೆದ ವಾರ, ಆ ಹನ್ನೆರಡು ಟಾವೆಲ್ ಬಂದ ದಿನವೇ, ಸಾಬೂನಿನ ಸಾಹೇಬನನ್ನೂ ಕಂಪನಿ ಇಳಿಸಿತು. ವರ್ಷಗಳಿಂದ ಮಲಗಿದ್ದ ಗುಂಪು ದಡಬಡಿಸಿ ಎದ್ದಿತು. ಪಟಾಕಿಯ ಚಿತ್ರ ಹಾಕಿದವರೆಷ್ಟು, ಪಾಪ ಒಳ್ಳೆಯವನಿದ್ದ ಎಂದು ಈಗ ಅಳುವವರೆಷ್ಟು! ನಡುವೆ ಒಬ್ಬರು ಕೇಳಿದ್ದರು: "ಸೊಲ್ಲಾಪುರದ ಅಕ್ಕ ಎಲ್ಲಿದ್ದಾರೆ? ಅವರು ಇದ್ದರೆ ಹೊಸಬರಿಗೆ ಒಂದು ಪತ್ರ ಬರೆಯಲಿ. ಅವರ ಹೆಸರಾದರೂ ಏನು?" ಸಹಿ ಎಲ್ಲ ಪತ್ರದಲ್ಲೂ ಇತ್ತು. ಕನ್ನಡ ಬಲ್ಲವರೇ ಅದನ್ನು ಮರೆತಿದ್ದರು.

ಮಾಳಿಗೆಗೆ ಹೋಗಿ ಕೂತೆ. ಇಷ್ಟು ವರ್ಷ ಆ ಖಾತೆಯಿಂದ ಒಂದು ಅಕ್ಷರ ಹಾಕಿರಲಿಲ್ಲ, ಸಾವಿನ ಸುದ್ದಿಯನ್ನೂ. ಅಕ್ಷರ ಹುಡುಕಿ ಹುಡುಕಿ ನಾಲ್ಕನ್ನೂ ಒತ್ತಿದೆ. ಅದರ ಮುಂದೆ ಬರೆದೆ: ಈ ಹೆಸರಿನವರು ಇಲ್ಲಿ ಇದ್ದರು. ಕಳಿಸಿದ ಮೇಲೆ ಬಹಳ ಹೊತ್ತು ಅತ್ತೆ. ಕೇಳಬೇಕಾದವರು ಕೇಳಲಾರರು, ಕೊರಿಯರಿನವನು ಹೋಗಿ ಎಷ್ಟೋ ಕಾಲವಾಯಿತು.

ಕೆಳಗಿನಿಂದ ನನ್ನ ಅತ್ತೆ ಕೂಗಿದರು. ನನ್ನ ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದರಲ್ಲ, ಆ ಹೆಸರಿನಿಂದ. ನೆಂಟರು ಬಂದಿದ್ದರು, ಟಾವೆಲ್ ಬೇಕಾಗಿತ್ತು. ಎರಡನೆಯ ಸಲ ಕೂಗುವ ಮೊದಲೇ ಕಣ್ಣೊರೆಸಿಕೊಂಡು "ಓ, ಬಂದೆ" ಅಂದೆ.