ಹುಣಸೆಮರದ ಸಾಲು ಮತ್ತು ಖಾದರ್ ಸಾಬರು

ಖಾದರ್ ಸಾಬರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಸ್ಸು ಓಡಿಸುತ್ತಿದ್ದರು. ದಾರಿಯುದ್ದಕ್ಕೂ ಅಲ್ಲ ಮಕ್ಕಳೇ, ಶಿರಾದಿಂದ ಕಳ್ಳಂಬೆಳ್ಳದ ಕಡೆಗೆ ಬರುವ ಸಂಜೆ ಬಸ್ಸು ಹುಣಸೆಮರಗಳ ಸಾಲಿಗೆ ಬಂದಾಗ ಮಾತ್ರ. ಎಡಗೈ ಸ್ಟೀರಿಂಗಿನ ಮೇಲೆ, ಬಲಗೈ ಬಲಗಣ್ಣಿನ ಮೇಲೆ. ಸಾಲು ಮುಗಿದೊಡನೆ ಕೈ ಇಳಿಯುತ್ತಿತ್ತು. ಸಾಲಿನ ಕೊನೆಗೆ ಮಾರಮ್ಮನ ಗುಡಿ ಇದ್ದುದರಿಂದ ನಮ್ಮೂರಿನವರು, "ಸಾಬರಾದ್ರೂ ನಮ್ಮಮ್ಮನ ಮ್ಯಾಲೆ ಏಟು ಭಕ್ತಿ ನೋಡ್ಲಾ" ಎಂದು ಮೆಚ್ಚಿಕೊಂಡು ತಾವೂ ಒಂದು ಕಣ್ಣು ಮುಚ್ಚಿ ಕೈಮುಗಿಯಲು ಕಲಿತರು. ಕಣ್ಣು ಮುಚ್ಚಲು ಒಂದು ಕೈ ಹೋದರೆ ಮುಗಿಯಲು ಎರಡು ಕೈ ಎಲ್ಲಿಂದ ತರುವುದೆಂದು ಬಸ್ಸಿನಲ್ಲಿ ವಾದವೂ ನಡೆದಿತ್ತು.

ಸಾಬರಿಗೆ ಹೊತ್ತಿನ ಹುಚ್ಚು. ಐದು ಗಂಟೆ ಎಂದರೆ ಐದಕ್ಕೇ ಬಸ್ಸು ಹೊರಡುತ್ತಿತ್ತು. ಒಂದು ಕಾಲು ಮೆಟ್ಟಿಲಿನ ಮೇಲಿಟ್ಟವರು ಇನ್ನೊಂದು ಕಾಲನ್ನು ಓಡಿ ಬಂದು ಸೇರಿಸಿಕೊಳ್ಳಬೇಕಿತ್ತು. ಬಸ್ಸಿನ ಮಾಲೀಕರ ಹೆಂಡತಿಯನ್ನೇ ಒಮ್ಮೆ ಶಿರಾದಲ್ಲಿ ಬಿಟ್ಟು ಬಂದಿದ್ದರು. "ಗಾಡಿಗೆ ಇರೋದು ಎರಡೇ ದೇವ್ರು. ಒಂದು ಬ್ರೇಕು, ಇನ್ನೊಂದು ಗಡಿಯಾರ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಮಾತು ಇದು. ನಾನು, ನಮ್ಮತ್ತೆ ವಾರಕ್ಕೊಮ್ಮೆ ಬೆಳಿಗ್ಗೆ ಊರಿನ ಎತ್ತಿನ ಗಾಡಿಯಲ್ಲಿ ಶಿರಾಕ್ಕೆ ಹೋಗಿ, ಬೆಣ್ಣೆ ಮಾರಿ, ಸಂಜೆ ಸಾಬರ ಬಸ್ಸಿನಲ್ಲಿ ಬರುತ್ತಿದ್ದೆವು. ಡ್ರೈವರ್ ಹಿಂದಿನ ಸೀಟು ಹೆಂಗಸರದು. ಹುಣಸೆ ಸಾಲಿಗೆ ಬಂದರೆ ಇಳಿಹೊತ್ತಿನ ಬಿಸಿಲು ಮರಗಳ ಸಂದಿಯಿಂದ ಬಿಸಿಲು, ನೆರಳು, ಬಿಸಿಲು, ನೆರಳು ಎಂದು ಮುಖಕ್ಕೆ ಬಡಿಯುತ್ತಿತ್ತು. ಮೊದಲು ತುಟಿ ಜೋಮು ಹಿಡಿಯುತ್ತಿತ್ತು, ಆಮೇಲೆ ಕೈ ಅದುರುತ್ತಿತ್ತು. ಅದರಾಚೆ ನನಗೆ ತಿಳಿಯದು. ಎಚ್ಚರವಾದಾಗ ಬಸ್ಸು ನಿಂತಿರುತ್ತಿತ್ತು, ನನ್ನ ಹಣೆ ತುಂಬ ಕುಂಕುಮವಿರುತ್ತಿತ್ತು, ಜೊತೆಗೆ ಬಂದಿರುತ್ತಿದ್ದ ನಮ್ಮತ್ತೆಯ ತಮ್ಮ ಕರಿಯಪ್ಪ, ನನ್ನ ಮೈಮೇಲೆ ಬಂದ ಮಾರಮ್ಮನ ಅಪ್ಪಣೆಯನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ.

ನಾಲ್ಕು ಸಲ ಹಾಗಾಯಿತು. ನಾಲ್ಕು ಸಲವೂ ಮಾರಮ್ಮ ಕೇಳಿದ್ದು ಒಂದೇ: ಕರಿಯಪ್ಪನ ಹೊಲಕ್ಕೆ ಪಕ್ಕದವರು ಗಾಡಿದಾರಿ ಬಿಡಬೇಕು. ನೀರು ಬೇಕೆಂದು ಕೇಳಲೂ ನಾಚುತ್ತಿದ್ದ ನಾನು ಅಷ್ಟೊಂದು ಮಾತಾಡಿದೆನೆಂದರೆ ನನಗೇ ಆಶ್ಚರ್ಯ.

ಊರ ಹಿರಿಯರು ಸೇರಿ ತೀರ್ಮಾನ ಮಾಡಿದರು. ಮುಂದಿನ ಮಂಗಳವಾರ ಅದೇ ಬಸ್ಸು, ಅದೇ ಸೀಟು, ಅದೇ ಜಾಗ. ತಮ್ಮ ಕಣ್ಣೆದುರು ಅಮ್ಮ ಬಂದರೆ ನನ್ನನ್ನು ಗುಡಿಯಲ್ಲೇ ಇಳಿಸಿ ಗದ್ದುಗೆಗೆ ಕೂರಿಸುವುದು. ಬರದಿದ್ದರೆ ಅಮ್ಮನಿಗೆ ಮನಸ್ಸಿಲ್ಲ ಎಂದು ಬಿಡುವುದು. ಗದ್ದುಗೆಗೆ ಕೂತವಳಿಗೆ ಒಪ್ಪತ್ತು ಊಟ, ಬರಿನೆಲದ ನಿದ್ದೆ. ಗಂಡ, ಮಕ್ಕಳು, ಮನೆ ಇಲ್ಲ. ನಿಮ್ಮ ತಾಯಿ ರತ್ನಳಿಗೆ ಆಗ ಎರಡು ವರ್ಷ, ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ನಿಮ್ಮ ತಾತ ಅವರವ್ವನೆದುರು ಬಾಯಿ ತೆರೆಯುತ್ತಿದ್ದುದು ಊಟಕ್ಕೆ ಮಾತ್ರ.

ಆ ಮಂಗಳವಾರ ಹಿರಿಯರು ಟೀ ಕುಡಿಯಲು ಹೋದಾಗ ಸಾಬರು ಕಿಟಕಿಯ ಹತ್ತಿರ ಬಂದರು.

"ಬೇಟಿ, ಮೋಡ ಇದ್ರೆ ನಿಮ್ಮ ದೇವ್ರು ಬರಲ್ಲ. ನೀನು ಎಡಗಡೆ ಕೂತಿದ್ದ ದಿನ ಬರ್ಲಿಲ್ಲ. ಕಡ್ಲೇಕಾಯಿ ಗಾಡಿ ಹಿಂದೆ ಸಿಕ್ಕಾಕ್ಕೊಂಡು ಮೆಲ್ಲಗೆ ಹೋದಾಗ್ಲೂ ಬರ್ಲಿಲ್ಲ. ನಾನು ನೋಡ್ತಾ ಇದೀನಿ."

"ಮತ್ತೆ ಏನಣ್ಣ ಅದು?"

"ಬೆಳಕು. ನಂಗೂ ಅಲ್ಲೇ ತಲೆ ಗಿರ್ ಅಂತದೆ. ಅದ್ಕೇ ಕಣ್ಗೆ ಕೈ ಇಡೋದು. ನನ್ ಮೇಲೆ ಯಾವ ದೇವ್ರು ಬರ್ತದೆ ಹೇಳು, ಮಸೀದಿಗೆ ಗೊತ್ತಾದ್ರೆ ಸುಮ್ನೆ ಬುಡ್ತಾರಾ? ನೀನೂ ಬಲಗಣ್ಣು ಮುಚ್ಕೋ."

ಆದರೆ ಬಸ್ಸು ಹೊರಡುವ ಮೊದಲೇ ಕರಿಯಪ್ಪ ಹಣ್ಣುಕಾಯಿ ತಟ್ಟೆಯನ್ನು ನನ್ನ ಎರಡೂ ಕೈಗೆ ಕೊಟ್ಟ. ಗುಡಿ ಮುಟ್ಟುವವರೆಗೆ ಕೈಬಿಡುವ ಹಾಗಿಲ್ಲವಂತೆ. ನಮ್ಮತ್ತೆ ಪಕ್ಕದಲ್ಲಿ ರತ್ನಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮರಗಳು ಕಂಡವು. ಸಾಬರು ಬಲಗಣ್ಣಿಗೆ ಕೈಯಿಟ್ಟು, ಮೇಲಿನ ಕನ್ನಡಿಯಲ್ಲಿ ನನ್ನನ್ನು ನೋಡಿದರು, ತಟ್ಟೆಯನ್ನೂ ನೋಡಿದರು. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ರೆಪ್ಪೆಯೊಳಗೂ ಬೆಳಕು ಕೆಂಪಗೆ ಪಟಪಟ ಬಡಿಯಿತು. ತುಟಿ ಜೋಮು ಹಿಡಿಯಿತು.

ಅಷ್ಟರಲ್ಲಿ ಬಸ್ಸು ಗೊರಗೊರ ಎಂದು ನಿಧಾನವಾಯಿತು. ಎಷ್ಟು ನಿಧಾನವೆಂದರೆ ಪಕ್ಕದಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ನಮ್ಮನ್ನು ದಾಟಿ ಮುಂದೆ ಹೋದ. ಬೆಳಕು ತೊಟ್ಟಿಲು ತೂಗಿದಂತೆ ಬಂದು ಹೋಗತೊಡಗಿತು.

"ಯಾಕ್ ಸಾಬ್ರೇ, ಗಾಡಿ ಕೆಟ್ಟೈತಾ?" ಕರಿಯಪ್ಪ ಕೇಳಿದ.

"ಇಲ್ಲ ಸ್ವಾಮಿ. ದೇವ್ರು ಹತ್ಕೋಬೇಕಲ್ಲ, ಓಡೋ ಗಾಡೀಗೆ ಹೆಂಗೆ ಹತ್ತುತ್ತೆ? ಬೀಳ್ದೆ ಇರ್ಲಿ ಅಂತ."

ಹಿರಿಯರು ತಲೆದೂಗಿದರು. ಭಕ್ತಿಯೆಂದರೆ ಇದು ಎಂದರು. ಸಾಲಿನ ಕೊನೆ ಮುಟ್ಟಲು ಅರ್ಧ ಗಂಟೆ ಹಿಡಿಯಿತು. ನಾನು ತಟ್ಟೆ ಹಿಡಿದುಕೊಂಡು ನೆಟ್ಟಗೆ ಕೂತಿದ್ದೆ. ಏನೂ ಆಗಲಿಲ್ಲ.

ಗುಡಿ ಕಂಡದ್ದೇ ತಡ, ಎಡಗಡೆ ನೆರಳಿನಲ್ಲಿ ಕೂತಿದ್ದ ಕರಿಯಪ್ಪನ ಮೈ ನಡುಗಲು ಶುರುವಾಯಿತು. "ದಾರಿ, ದಾರಿ" ಎಂದು ಕೂಗಿದ.

"ಇವ್ರ ದೇವ್ರಿಗೆ ಬಿಸಿಲೂ ಬೇಕಿಲ್ಲ" ಎಂದರು ಸಾಬರು.

ಹಿರಿಯರಿಗೆ ನಿಯಮ ನಿಯಮವೇ. ಕರಿಯಪ್ಪನನ್ನೇ ಇಳಿಸಿ ಗದ್ದುಗೆಗೆ ಕೂರಿಸಿದರು. ಒಪ್ಪತ್ತು ಊಟದ ಮೂರನೆಯ ದಿನ ಅಮ್ಮ ತನ್ನನ್ನು ಬಿಟ್ಟುಹೋದಳೆಂದು ಹೇಳಿ ಅವನು ಹಿಂಬಾಗಿಲಿನಿಂದ ಮನೆಗೆ ಬಂದ.

ಆ ದಿನದ ತಡಕ್ಕೆ ಮಾಲೀಕರು ಸಾಬರನ್ನು ಪಾವಗಡದ ಕಡೆಯ ಬಸ್ಸಿಗೆ ಹಾಕಿದರು. ತಡವಾದ ಕಾರಣವನ್ನು ಸಾಬರು ಯಾರಿಗೂ ಹೇಳಲಿಲ್ಲವೆಂದು ಕಂಡಕ್ಟರ್ ಹೇಳಿದ.

ಮುಂದೆ ತುಮಕೂರಿನ ಡಾಕ್ಟರೊಬ್ಬರು ನನ್ನನ್ನು ನೋಡಿದರು. ಮಿದುಳಿನಲ್ಲಿ ಸದಾ ಸಣ್ಣದೊಂದು ವಿದ್ಯುತ್ತಿನ ಮಿಡಿತ ಇರುತ್ತದಂತೆ. ಬೆಳಕು ಬೇಗಬೇಗ ಹತ್ತಿ ಆರಿದರೆ ಕೆಲವರ ಮಿದುಳು ತನ್ನ ತಾಳ ಬಿಟ್ಟು ಬೆಳಕಿನ ತಾಳಕ್ಕೆ ಕುಣಿಯುತ್ತದಂತೆ. ಕುಣಿತ ಮೀರಿದರೆ ಮೂರ್ಛೆ. ಒಂದು ಕಣ್ಣನ್ನು ಅಂಗೈಯಿಂದ ಪೂರಾ ಮುಚ್ಚಿಕೊಂಡರೆ ಬಹಳ ಮಂದಿಗೆ ತಪ್ಪುತ್ತದೆ ಎಂದರು. ಗೊತ್ತು ಎಂದೆ. ಯಾವ ಡಾಕ್ಟರು ಹೇಳಿದ್ದು ಎಂದು ಕೇಳಿದರು. ಬಸ್ಸಿನ ಡ್ರೈವರು ಎಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು.

ಇದನ್ನು ಸಾಬರಿಗೆ ಹೇಳಬೇಕೆಂದು ಬಹಳ ಆಸೆಯಿತ್ತು. ಎಂಬತ್ತರ ದಶಕದಲ್ಲಿ ಒಂದು ಸಂಜೆ ಮಧುಗಿರಿ ಬಸ್ ನಿಲ್ದಾಣದಲ್ಲಿ ಕಂಡರು. ಗಡ್ಡ ಬೆಳ್ಳಗಾಗಿತ್ತು, ಪಾವಗಡದ ಬಸ್ಸಿನಲ್ಲಿ ಕೂತಿದ್ದರು. ನಾನು ರತ್ನಳ ಕೈಹಿಡಿದು ಕಿಟಕಿಯ ಕೆಳಗೆ ಹೋಗಿ ನಿಂತೆ. ಅವರು ನನ್ನನ್ನು ನೋಡಿದರು. ಆಮೇಲೆ, ಹೈಸ್ಕೂಲಿನ ನೀಲಿ ಲಂಗ ತೊಟ್ಟಿದ್ದ ರತ್ನಳನ್ನು ಬಹಳ ಹೊತ್ತು ನೋಡಿದರು.

"ಇವಳೇನಾ? ನಿನ್ ಕೈನಾಗೇ ಬೆಳೆದ್ಳಾ?"

"ಹೂಂ ಕಣಣ್ಣ."

"ಹಂಗಾದ್ರೆ ಲೇಟಾಗಿದ್ದು ಲುಕ್ಸಾನಿಲ್ಲ."

ಡಾಕ್ಟರ ಮಾತು ಹೇಳಲು ಬಾಯಿ ತೆರೆದೆ. ಅವರು ಗಡಿಯಾರ ನೋಡಿ ಬಸ್ಸು ಹೊರಡಿಸಿದರು.